ಕಾದಂಬರಿಯ ಹೆಣ್ಣು, ಎರಡಾದ ಓದುಗರು

ಸುರಪುರದಲ್ಲಿ ಕೂತು ಬಾಳಿದ ಮೊದಲ ಪ್ರಸಿದ್ಧ ಕಾದಂಬರಿಕಾರ ಕನ್ನಡದವನಲ್ಲ. ಫಿಲಿಪ್ ಮೆಡೋಸ್ ಟೇಲರ್ 1841ರ ಕೊನೆಗೆ ಇಲ್ಲಿಗೆ ಬಂದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಹೆಸರಿನಲ್ಲಿ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ. ಸುರಪುರದವರೂ ಪಕ್ಕದ ರಂಗಂಪೇಟೆಯವರೂ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ಇಂದಿಗೂ ಅವನ ಹೆಸರಿನಿಂದಲೇ ಗುರುತಿಸುತ್ತಾರೆ. ಠಗ್ಗರ ಕಥೆಯಿಂದ ಅವನು ಇಂಗ್ಲೆಂಡಿನಲ್ಲಿ ಅದಾಗಲೇ ಹೆಸರು ಮಾಡಿದ್ದ. ಮುಂದೆ ಸೇವೆಯಿಂದ ನಿವೃತ್ತನಾದ ಮೇಲೆ ಬರೆದ ಎರಡು ಕಾದಂಬರಿಗಳ ನಾಯಕಿಯರು ಹಿಂದೂ ವಿಧವೆಯರು. 1863ರ ‘ತಾರಾ’ದಲ್ಲಿ ತುಳಜಾಪುರದ ದೇವಿಯ ಸೇವೆಗೆ ಬಿಟ್ಟ ಮುರಳಿಯಾಗುವ ಬ್ರಾಹ್ಮಣ ಬಾಲವಿಧವೆಯನ್ನು ಅಫಜಲಖಾನನ ಮಗ ಸಹಗಮನದ ಬೆಂಕಿಯಿಂದ ಪಾರು ಮಾಡುತ್ತಾನೆ. 1872ರ ‘ಸೀತಾ’ದ ವಿಧವೆ ಇಂಗ್ಲಿಷ್ ಅಧಿಕಾರಿಯೊಬ್ಬನನ್ನು ಮದುವೆಯಾಗಿ ಎರಡೂ ಸಮಾಜಗಳಿಂದ ಹೊರಗುಳಿಯುತ್ತಾಳೆ, ಕೊನೆಗೆ ಗಂಡನನ್ನು ಉಳಿಸಲು ಹೋಗಿ ಸಾಯುತ್ತಾಳೆ.

ಈ ಪುಸ್ತಕಗಳನ್ನು ಓದಿದವರು ಕಡಲಾಚೆಯವರು. ಯಾರ ಮನೆತನ, ಯಾರ ಗುಡಿ, ಯಾರ ರೂಢಿಯ ಮೇಲೆ ಕಥೆ ನಿಂತಿತ್ತೋ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ಇಲ್ಲಿ ತಕರಾರು ಏಳುವ ಪ್ರಶ್ನೆಯೇ ಇರಲಿಲ್ಲ. ಇದೇ ಟೇಲರ್ ತನ್ನ ಕಣ್ಣೆದುರೇ ಕಷ್ಟಕ್ಕೆ ಸಿಕ್ಕಿದ್ದ ಸುರಪುರದ ರಾಣಿ ಈಶ್ವರಮ್ಮನ ಬಗ್ಗೆ ಬರೆದದ್ದು ಬೇರೆ ದನಿಯಲ್ಲಿ. ಅವನು ತೀರಿಕೊಂಡ ಮೇಲೆ 1877ರಲ್ಲಿ ಹೊರಬಂದ ಆತ್ಮಕಥೆಯಲ್ಲಿ ಆಕೆಯ ನಡತೆಯ ಮೇಲೆ ಕಟುವಾದ ಮಾತುಗಳಿವೆ. ಕಲ್ಪನೆಯ ಸೀತೆಗೆ ಧಾರಾಳವಾಗಿ ಕೊಟ್ಟ ಮರುಕ, ಅಧಿಕಾರಕ್ಕಾಗಿ ತನ್ನೊಡನೆ ಜಗ್ಗಾಡಿದ ರಾಣಿಯ ಪಾಲಿಗೆ ಬರಲಿಲ್ಲ. ನೊಂದ ಹೆಣ್ಣಿಗೆ ದೂರದಿಂದ ಮರುಗುವುದು ಸುಲಭ; ಅವಳ ಕಷ್ಟದಲ್ಲಿ ತನ್ನ ಪಾಲೂ ಇರಬಹುದು ಎಂದಾದರೆ ಅದೇ ಮನುಷ್ಯ ಬೇರೆಯಾಗುತ್ತಾನೆ. ಕನ್ನಡದಲ್ಲಿ ಹೆಣ್ಣಿನ ಬಾಳಿನ ಕಾದಂಬರಿಗಳನ್ನು ಓದಿದವರು ಎರಡಾಗಿ ನಿಂತ ಚರಿತ್ರೆಯೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇದೆ.

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎನ್ನಿಸಿಕೊಂಡ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಬರೆದವರು ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾವ್. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಇಂದಿರೆಯನ್ನು ತಾಯಿಯೇ ಭಜನೆಯ ಹೆಸರಿನ ‘ಸಂತ ಮಂಡಳಿ’ಯ ಕೈಗೆ ಒಪ್ಪಿಸಲು ನೋಡುತ್ತಾಳೆ. ಹುಡುಗಿ ತಪ್ಪಿಸಿಕೊಂಡು ಅಮೃತರಾಯನೆಂಬ ಸಜ್ಜನನ ಆಸರೆ ಪಡೆದು, ಓದಿ, ವಿಲಾಯತಿಗೆ ಹೋಗಿಬಂದ ಭಾಸ್ಕರನ ಕೈಹಿಡಿಯುತ್ತಾಳೆ. ವಿಧವಾ ವಿವಾಹಕ್ಕೆ ಕಾನೂನಿನ ಒಪ್ಪಿಗೆ 1856ರಲ್ಲೇ ಸಿಕ್ಕಿತ್ತು, ಮನೆಗಳ ಒಪ್ಪಿಗೆ ಮಾತ್ರ ಸಿಕ್ಕಿರಲಿಲ್ಲ. ಕರಾವಳಿಯ ಸಾರಸ್ವತ ಸಮಾಜದಲ್ಲಿ ಸಮುದ್ರ ದಾಟಿದವರಿಗೆ ಬಹಿಷ್ಕಾರ ಹಾಕುವ ಜಗಳವೂ ಅದೇ ಕಾಲದ್ದು. ವಿಧವೆಯ ಮದುವೆ ಮತ್ತು ವಿಲಾಯತಿ ಪ್ರಯಾಣ ಎರಡನ್ನೂ ಒಂದೇ ಜೋಡಿಯಲ್ಲಿ ಕೂಡಿಸಿದ ಕಥೆಯನ್ನು ಸುಧಾರಕರು ತಮ್ಮ ಪತಾಕೆ ಮಾಡಿಕೊಂಡರೆ ಸಂಪ್ರದಾಯಸ್ಥರಿಗೆ ಅದು ಮನೆಯ ಮಾನವನ್ನು ಬೀದಿಗೆಳೆದ ಪುಸ್ತಕವಾಯಿತು. 1905ರಲ್ಲಿ ಬೋಳಾರ ಬಾಬುರಾಯರ ‘ವಾಗ್ದೇವಿ’ ಇನ್ನೂ ಮುಂದೆ ಹೋಗಿ ಮಠದ ಒಳಗನ್ನೇ ತೆರೆದಿಟ್ಟಿತು.

ಮಂಗಳೂರು ಈ ಜಗಳದಲ್ಲಿ ಮುಳುಗಿದ್ದಾಗ ಸುರಪುರ ಸೀಮೆಯಲ್ಲಿ ಕನ್ನಡ ಕಾದಂಬರಿ ಕೈಗೆ ಸಿಗುವುದೇ ಅಪರೂಪವಾಗಿತ್ತು. 1858ರ ದಂಗೆಯ ನಂತರ ಸಂಸ್ಥಾನ ಹೋಯಿತು, 1860ರಲ್ಲಿ ಈ ನೆಲ ನಿಜಾಮನ ವಶವಾಯಿತು. ದರ್ಬಾರಿನ ಭಾಷೆ ಉರ್ದು, ಕಚೇರಿಯ ಭಾಷೆ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಕಲಿಯಲು ಹೊರಟ ಹುಡುಗನಿಗೆ ಕನ್ನಡ ಮನೆಯ ಮಾತಷ್ಟೇ ಆಗಿ ಉಳಿಯುತ್ತಿತ್ತು, ಹುಡುಗಿಯರಂತೂ ಬಹುಪಾಲು ಶಾಲೆಯ ಹೊಸ್ತಿಲನ್ನೇ ತುಳಿಯಲಿಲ್ಲ. ರಂಗಂಪೇಟೆಯಲ್ಲಿ ಕನ್ನಡ ಸಾಹಿತ್ಯ ಸಂಘ ನಿಜಾಮರ ಆಳ್ವಿಕೆ ಇನ್ನೂ ನಡೆಯುತ್ತಿದ್ದಾಗಲೇ ತಲೆಯೆತ್ತಿ ದಸರೆಯ ನಾಡಹಬ್ಬವನ್ನು ರೂಢಿಗೆ ತಂದದ್ದು ಈ ಹಿನ್ನೆಲೆಯಲ್ಲಿ. ಕನ್ನಡದಲ್ಲಿ ಭಾಷಣ ಕೇಳಲು ಜನ ಸೇರುವುದೇ ಆಗ ಒಂದು ನಿಲುವು. 1948ರ ಸೆಪ್ಟೆಂಬರ್ 17ರಂದು ನಿಜಾಮನ ರಾಜ್ಯ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಸುರಪುರವೂ ಸೇರಿದ್ದ ಕಲಬುರಗಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂತು, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ನಂತರ ಊರೂರಿಗೆ ಸರ್ಕಾರಿ ಗ್ರಂಥಾಲಯಗಳು ಬರತೊಡಗಿದವು. ಹೀಗಾಗಿ ಈ ಭಾಗದ ಓದುಗರು ‘ಇಂದಿರಾಬಾಯಿ’ಯ ವಾದಕ್ಕೆ ಸಾಕ್ಷಿಯಾಗಲಿಲ್ಲ, ಅವರು ಸೀದಾ ತ್ರಿವೇಣಿಯವರ ಕಾಲಕ್ಕೆ ಬಂದಿಳಿದರು.

ನಡುವೆ ಮೈಸೂರು ಸೀಮೆಯಲ್ಲಿ ಇನ್ನೊಂದು ಸುತ್ತು ಆಗಿಹೋಗಿತ್ತು. ಅ.ನ. ಕೃಷ್ಣರಾಯರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳಲ್ಲಿ ವೇಶ್ಯೆಯರ ಬಾಳನ್ನು ಬರೆದಾಗ ಅಶ್ಲೀಲವೆಂಬ ಕೂಗು ಎದ್ದಿತು. ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕ ಬರೆದೇ ಉತ್ತರಿಸಬೇಕಾಯಿತು. ಆ ವಾದ ಹೆಚ್ಚಾಗಿ ಗಂಡಸರ ನಡುವಿನದು. ವೇಶ್ಯೆಯ ಬಗ್ಗೆ ಗಂಡಸು ಬರೆದ, ಗಂಡಸರೇ ಖಂಡಿಸಿದರು, ಗಂಡಸರೇ ಸಮರ್ಥಿಸಿದರು. ಪುಸ್ತಕವನ್ನು ಸೆರಗಿನ ಮರೆಯಲ್ಲಿ ಒಳಗೆ ಒಯ್ದು ಓದಿದ ಹೆಂಗಸರ ಅಭಿಪ್ರಾಯ ಯಾವ ಪತ್ರಿಕೆಯಲ್ಲೂ ದಾಖಲಾಗಲಿಲ್ಲ.

ಗಂಡಸರಷ್ಟೇ ವಾದಿಸುವ ಈ ಸ್ಥಿತಿ ತ್ರಿವೇಣಿಯವರಿಂದ ಬದಲಾಯಿತು. ಅನಸೂಯಾ ಶಂಕರ್ ಎಂಬುದು ಅವರ ನಿಜನಾಮ, ಬಿ.ಎಂ. ಶ್ರೀಕಂಠಯ್ಯನವರ ಮನೆತನ. 1928ರಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿ ಬಿ.ಎ. ಪದವಿ ಪಡೆದರು. ಬರವಣಿಗೆಗೆ ಸಿಕ್ಕಿದ್ದು ಹತ್ತು ವರ್ಷ ಮಾತ್ರ. ಅಷ್ಟರಲ್ಲಿ ಇಪ್ಪತ್ತರಷ್ಟು ಕಾದಂಬರಿ, ಮೂರು ಕಥಾಸಂಕಲನ ಕೊಟ್ಟು 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಮನಸ್ಸು ಕೆಡುವ ಕಥೆ ಬರೆದವರು ಬಾಣಂತನದಲ್ಲೇ ಹೋದದ್ದು ಅವರ ಓದುಗರು ಎಂದೂ ಮರೆಯದ ಸಂಗತಿ.

ಆ ಕಥೆ ‘ಶರಪಂಜರ’. ಕಾವೇರಿ ಚೆಲುವೆ, ಕಲಿತವಳು, ಸತೀಶನ ಪ್ರೀತಿಯ ಹೆಂಡತಿ. ಮದುವೆಗೆ ಮುಂಚೆ ನಡೆದ ಒಂದು ಘಟನೆಯನ್ನು ಅವಳು ಎದೆಯಲ್ಲೇ ಹೂತುಕೊಂಡಿದ್ದಾಳೆ. ಹೆರಿಗೆಯ ನಂತರ ಆ ಅಳುಕು ಮೇಲೆದ್ದು ಮನಸ್ಸು ಕದಡುತ್ತದೆ, ಮಾನಸಿಕ ಆಸ್ಪತ್ರೆ ಸೇರುತ್ತಾಳೆ. ಕಾದಂಬರಿಯ ನಿಜವಾದ ಕಥೆ ಶುರುವಾಗುವುದು ಅವಳು ಗುಣವಾಗಿ ಮನೆಗೆ ಬಂದ ಮೇಲೆ. ಕಾಯಿಲೆ ಹೋಗಿದೆ, ಹೆಸರು ಹೋಗಿಲ್ಲ. ಜೋರಾಗಿ ನಕ್ಕರೆ ಮನೆಯವರ ಮುಖ ಸಣ್ಣದಾಗುತ್ತದೆ, ಸಿಟ್ಟು ಮಾಡಿದರೆ ‘ಮತ್ತೆ ಶುರುವಾಯಿತು’ ಎಂಬ ನೋಟ. ನೆರೆಯವರು ದೂರ ಸರಿಯುತ್ತಾರೆ. ಯಾವ ಹೆಂಗಸೂ ಆಡಬಹುದಾದ ಮಾತು ಅವಳ ಬಾಯಲ್ಲಿ ಹುಚ್ಚಿನ ಲಕ್ಷಣವಾಗುತ್ತದೆ. ಅವಳು ಆಸ್ಪತ್ರೆಯಲ್ಲಿದ್ದಾಗ ಗಂಡ ಇನ್ನೊಬ್ಬಳ ಸಂಗ ಮಾಡಿದ್ದಾನೆ ಎಂಬುದು ತಿಳಿದಾಗ ಉಳಿದ ಎಳೆಯೂ ಕಡಿದು, ಹೊರಟ ಜಾಗಕ್ಕೇ ಮರಳುತ್ತಾಳೆ.

ಓದುಗರಲ್ಲಿ ಯಾರೂ ಕಾವೇರಿಗಾಗಿ ಅಳದವರಿಲ್ಲ. ಇಬ್ಭಾಗವಾದದ್ದು ಮುಂದಿನ ಪ್ರಶ್ನೆಯಲ್ಲಿ: ಇದಕ್ಕೆ ಹೊಣೆ ಯಾರು? ಒಂದು ಪಂಗಡದ ಉತ್ತರ ಸತೀಶ ಮತ್ತು ಅವನ ಬೆನ್ನಿಗಿದ್ದ ಸಮಾಜ. ಗಂಡನ ತಪ್ಪು ಒಂದು ಪ್ರಸಂಗವಾಗಿ ಮುಗಿಯುತ್ತದೆ, ಹೆಂಡತಿಯ ತಪ್ಪು ಅವಳ ಜೀವವನ್ನೇ ತಿನ್ನುತ್ತದೆ ಎಂಬ ತಾರತಮ್ಯವನ್ನು ಇವರು ಕಾದಂಬರಿಯ ತಿರುಳೆಂದು ಹಿಡಿದರು. ಇನ್ನೊಂದು ಪಂಗಡ ಅವಳ ಗುಟ್ಟಿಗೆ ಬೊಟ್ಟು ಮಾಡಿತು. ಮದುವೆಗೆ ಮುಂಚೆ ಜಾರಿದವಳಿಗೆ ಕರ್ಮ ಹಿಂಬಾಲಿಸಿತು ಎಂದು ಓದಿದವರು ಹೆಂಗಸರಲ್ಲೂ ಕಡಿಮೆಯಿರಲಿಲ್ಲ. ಕಥೆಯೇ ಈ ಎರಡನೆಯ ಓದಿಗೆ ಒಂದಷ್ಟು ಜಾಗ ಬಿಟ್ಟಿದೆ ಎಂಬುದನ್ನೂ ಹೇಳಬೇಕು. ಅದುಮಿಟ್ಟ ಅಪರಾಧಪ್ರಜ್ಞೆಯೇ ರೋಗದ ಬೇರು ಎಂಬ ತ್ರಿವೇಣಿಯವರ ಮನಶ್ಶಾಸ್ತ್ರ ಆ ಕಾಲದ ಫ್ರಾಯ್ಡ್ ಓದಿನಿಂದ ಬಂದದ್ದು. ಊರಿನ ಜನ ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದ ಈ ಕಾಯಿಲೆ ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಯಾವ ಹಳೆಯ ಗುಟ್ಟೂ ಬೇಕಿಲ್ಲ ಎನ್ನುತ್ತದೆ ಇಂದಿನ ವೈದ್ಯಶಾಸ್ತ್ರ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ಇಂಥ ತಾಯಂದಿರನ್ನು ಕೂಸಿನ ಜೊತೆಗೇ ಇರಿಸಿಕೊಂಡು ಆರೈಕೆ ಮಾಡುವ ವಿಭಾಗ ತೆರೆಯಿತು. ಆದರೂ ದೆವ್ವ, ಗಾಳಿ, ಮಾಟ ಎನ್ನುತ್ತಿದ್ದ ಮನೆಗಳಿಗೆ ‘ಇದು ರೋಗ, ವಾಸಿಯಾಗುತ್ತದೆ’ ಎಂಬ ಮಾತು ಯಾವ ಡಾಕ್ಟರರಿಗಿಂತಲೂ ಮುಂಚೆ ಒಂದು ಕಾದಂಬರಿಯಿಂದ ತಲುಪಿತೆಂಬುದು ಸಣ್ಣ ಸಂಗತಿಯಲ್ಲ.

ಮೂರನೆಯ ಒಂದು ಪಂಗಡವೂ ಇತ್ತು, ಓದದೆಯೇ ತೀರ್ಪು ಕೊಟ್ಟವರದು. ನವ್ಯದ ಹುಮ್ಮಸ್ಸಿನಲ್ಲಿದ್ದ ವಿಮರ್ಶೆಗೆ ಹೆಂಗಸರು ಬರೆದು ಹೆಂಗಸರು ಓದುವ ಕಾದಂಬರಿ ಗಂಭೀರ ಚರ್ಚೆಗೆ ಯೋಗ್ಯವೆನಿಸಲಿಲ್ಲ. ‘ಅಡುಗೆಮನೆ ಸಾಹಿತ್ಯ’ ಎಂಬ ಒಂದು ಮಾತಿನಲ್ಲಿ ಎಲ್ಲವನ್ನೂ ಬದಿಗೆ ಸರಿಸಲಾಯಿತು. ಅಡುಗೆಮನೆಯ ಓದುಗರು ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವರ ವಿಮರ್ಶೆ ನಡೆಯುತ್ತಿದ್ದುದು ಬೇರೆ ಕಡೆ. ದಿನಕ್ಕಿಷ್ಟು ಪೈಸೆ ಬಾಡಿಗೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಪುಸ್ತಕ ತೆರೆದರೆ ರಟ್ಟು ಕಿತ್ತು ಮತ್ತೆ ಹೊಲಿದಿರುತ್ತಿತ್ತು, ಪುಟದ ಅಂಚಿನಲ್ಲಿ ಪೆನ್ಸಿಲ್ಲಿನ ಗೀಟು, ಗೀಟಿನ ಪಕ್ಕ ‘ಪಾಪ’ ಎಂದೋ ‘ಇವಳದೇ ತಪ್ಪು’ ಎಂದೋ ಒಂದು ಷರಾ, ಅದರ ಕೆಳಗೆ ಬೇರೆ ಕೈಬರಹದಲ್ಲಿ ಅದಕ್ಕೊಂದು ಜವಾಬು. ಪತ್ರಿಕೆಗಳ ಸಾಹಿತ್ಯ ಪುಟ ಈ ವಾದಕ್ಕೆ ಜಾಗ ಕೊಡಲಿಲ್ಲ. ಪುಸ್ತಕದ ಅಂಚೇ ಜಾಗ ಕೊಟ್ಟಿತು.

ಪುಟ್ಟಣ್ಣ ಕಣಗಾಲರು 1970ರ ದಶಕದ ಮೊದಲಲ್ಲಿ ‘ಶರಪಂಜರ’ವನ್ನು ಸಿನಿಮಾ ಮಾಡಿದಾಗ ವಾದ ಅಕ್ಷರ ಬಾರದವರ ತನಕ ಹೋಯಿತು. ಕಾವೇರಿಯಾಗಿ ಕಲ್ಪನಾ ನಟಿಸಿದ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು, ಟಾಕೀಸುಗಳಲ್ಲಿ ಬಹುಕಾಲ ಓಡಿತು. ಕಲಬುರಗಿ ಸೀಮೆಯಲ್ಲಿ ತ್ರಿವೇಣಿಯವರ ಹೆಸರನ್ನು ಪುಸ್ತಕಕ್ಕಿಂತ ಮೊದಲು ತೆರೆಯ ಮೇಲೆ ಕಂಡವರೇ ಹೆಚ್ಚು. ಕಲ್ಪನಾ ಅವರ ಅಭಿನಯದ ಭರಕ್ಕೆ ಒಂದು ಅಡ್ಡ ಪರಿಣಾಮವೂ ಆಯಿತು. ಕಾದಂಬರಿಯಲ್ಲಿ ಓದುಗರಿಗೆ ಕಾವೇರಿಯ ಒಳಗಿನಿಂದ ಲೋಕ ಕಾಣುತ್ತದೆ. ಸಿನಿಮಾದಲ್ಲಿ ಲೋಕದ ಕಡೆಯಿಂದ ಕಾವೇರಿ ಕಾಣುತ್ತಾಳೆ. ಪುಸ್ತಕ ಓದಿದವರೂ ಸಿನಿಮಾ ನೋಡಿದವರೂ ಹೊಣೆಯ ಪ್ರಶ್ನೆಯಲ್ಲಿ ಒಮ್ಮೊಮ್ಮೆ ಬೇರೆ ಬೇರೆ ಉತ್ತರಕ್ಕೆ ಬರುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂದಾಗ ಇಂಥ ತಕರಾರು ಏಳಲಿಲ್ಲ. ಕೇಶಮುಂಡನ ಮಾಡಿಸಿಕೊಂಡು ಶತಮಾನಕ್ಕೂ ಮೀರಿ ಬಾಳಿದ ಬಾಲವಿಧವೆಯ ಕಥೆಯನ್ನು ಎಲ್ಲರೂ ತಲೆಬಾಗಿ ಒಪ್ಪಿದರು. 1983ರಲ್ಲಿ ಪ್ರೇಮಾ ಕಾರಂತರು ಮಾಡಿದ ಚಿತ್ರವೂ ಹಾಗೆಯೇ ಮನ್ನಣೆ ಪಡೆಯಿತು. ಆ ರೂಢಿ ಅಷ್ಟು ಹೊತ್ತಿಗೆ ಅಜ್ಜಿಯರ ಕಾಲದ್ದಾಗಿತ್ತು, ಪುಸ್ತಕ ಓದುತ್ತಿದ್ದ ಯಾವ ಗಂಡಸೂ ತನ್ನನ್ನು ಅದರಲ್ಲಿ ಕಾಣಬೇಕಾಗಿರಲಿಲ್ಲ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಗೆ ಆ ರಿಯಾಯಿತಿ ಸಿಗಲಿಲ್ಲ. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಮನೆಯಲ್ಲಿ ಬೇರೆ ಭಾಷೆಯಾಡುತ್ತ ಕನ್ನಡ ಶಾಲೆಯಲ್ಲಿ ಕಲಿತು, ಮಕ್ಕಳು ದೊಡ್ಡವರಾದ ಮೇಲೆ ಬರೆಯಲು ಕೂತವರು ಅವರು. ಕಾದಂಬರಿ 1980ರ ದಶಕದ ಮೊದಲಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾಯಿತು. ನಾದಿರಾ ಎಂಬ ಹುಡುಗಿಗೆ ಒಳ್ಳೆಯ ಗಂಡನಿದ್ದಾನೆ, ಕೈಗೂಸಿದೆ. ತಂದೆ ಮಹಮ್ಮದ್ ಖಾನನಿಗೆ ಅಳಿಯನ ಮೇಲೆ ಹುಟ್ಟಿದ ಹಗೆ ಅವಳ ದಾಂಪತ್ಯವನ್ನು ತಲಾಖಿಗೆ ತಂದು ನಿಲ್ಲಿಸುತ್ತದೆ. ಗಂಡ ಹೆಂಡಿರು ಮತ್ತೆ ಕೂಡಬೇಕೆಂದರೂ ದಾರಿ ನೇರವಿಲ್ಲ. ಅವಳು ಇನ್ನೊಬ್ಬನನ್ನು ಮದುವೆಯಾಗಿ, ಅವನ ಜೊತೆ ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದ ಮೇಲಷ್ಟೇ ಹಳೆಯ ಗಂಡನ ಮನೆ ಸೇರಬಹುದು. ಆ ಒಂದು ರಾತ್ರಿಯನ್ನು ದಾಟಲಾರದೆ ನಾದಿರಾ ಮಸೀದಿಯ ಕೆರೆಗೆ ಇಳಿಯುತ್ತಾಳೆ.

ಧಾರಾವಾಹಿ ಎಂಬ ರೂಪವೇ ಜಗಳವನ್ನು ಬೆಳೆಸುವಂಥದು. ವಾರಕ್ಕೊಂದು ಕಂತು ಓದುತ್ತ, ಮುಂದೇನೆಂದು ತರ್ಕಿಸುತ್ತ ಹೋದವರಿಗೆ ಸಿಟ್ಟೂ ಕಂತುಕಂತಾಗಿ ಕೂಡಿತು. ಮುಸ್ಲಿಂ ಸಮುದಾಯದೊಳಗಿನ ಒಂದು ವರ್ಗ ಇದನ್ನು ಧರ್ಮಕ್ಕೆ ಬಳಿದ ಮಸಿ ಎಂದಿತು. 1980ರ ದಶಕದ ಮಧ್ಯದಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಸಾರಾ ಅವರಿಗೆ ಅಡ್ಡಿಪಡಿಸಿ ಹಲ್ಲೆಗೂ ಮುಂದಾದ ಪ್ರಸಂಗ ನಡೆಯಿತು. ಅದೇ ಸಮುದಾಯದ ಎಷ್ಟೋ ಹೆಂಗಸರು, ಬಾಯಿ ಕಟ್ಟಿಕೊಂಡಿದ್ದವರು, ಇದು ತಮ್ಮ ಮನೆಯದೇ ಕಥೆ ಎಂದು ಓದಿದರು. ಕುರಾನ್ ಹೇಳುವುದು ಬೇರೆ, ಮಸೀದಿ ಕಟ್ಟೆಯ ಪಂಚಾಯಿತಿ ನಡೆಸುವುದು ಬೇರೆ ಎಂಬುದು ಲೇಖಕಿಯ ವಾದವಾಗಿತ್ತು. ಧರ್ಮದ ಹೊರಗೆ ನಿಂತು ಅವರು ಕಲ್ಲೆಸೆಯಲಿಲ್ಲ.

1985ರ ಏಪ್ರಿಲ್‌ನಲ್ಲಿ ತಲಾಖಾದ ಹೆಂಡತಿಗೂ ಜೀವನಾಂಶ ಸಲ್ಲಬೇಕೆಂಬ ಶಾಬಾನೋ ಪ್ರಕರಣದ ತೀರ್ಪು ಬಂತು, ಮರುವರ್ಷ ಅದನ್ನು ಮೊಟಕು ಮಾಡುವ ಕಾಯ್ದೆ ಬಂತು. ಅಲ್ಲಿಂದ ಮುಂದೆ ನಾದಿರಾಳನ್ನು ಎರಡು ಕಡೆಯವರೂ ಸಾಕ್ಷಿಗೆ ಎಳೆಯತೊಡಗಿದರು. ತಮ್ಮ ಮನೆಯ ವಿಧವೆಯರ ಕಥೆಗೆ ಮುಖ ತಿರುಗಿಸುತ್ತಿದ್ದವರೂ ಈ ಪುಸ್ತಕವನ್ನು ಎತ್ತಿ ತೋರಿಸುತ್ತ ‘ನೋಡಿ, ಅವರಲ್ಲಿ ಹೀಗೆ’ ಎಂದರು. ಇದು ಮೆಚ್ಚುಗೆಯ ವೇಷದಲ್ಲಿ ಬಂದ ಇನ್ನೊಂದು ಬಗೆಯ ತಪ್ಪು ಓದು. ವಿರೋಧಿಗಳು ಅವಳನ್ನು ಓದಲು ಒಪ್ಪಲಿಲ್ಲ, ಇವರು ಅವಳಲ್ಲಿ ತಮ್ಮನ್ನು ನೋಡಿಕೊಳ್ಳಲು ಒಪ್ಪಲಿಲ್ಲ. ಮಗಳ ಬಾಳನ್ನು ತನ್ನ ಹಟದ ದಾಳ ಮಾಡಿಕೊಂಡ ತಂದೆ ಯಾವ ಜಾತಿಯಲ್ಲಿ ಇಲ್ಲ? ಮೂರು ಬಾರಿ ಒಟ್ಟಿಗೆ ಹೇಳುವ ತಲಾಖನ್ನು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 22ರಂದು ರದ್ದುಗೊಳಿಸಿದಾಗ ಪತ್ರಿಕೆಗಳು ಮತ್ತೆ ಸಾರಾ ಅವರ ಮನೆ ಬಾಗಿಲಿಗೆ ಹೋದವು. ಅವರು 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ತೀರಿಕೊಂಡರು.

ಸುರಪುರ, ಶಹಾಪುರ, ಯಾದಗಿರಿ ಕಡೆಯ ಓದುಗರಿಗೆ ಕಾವೇರಿಯೂ ನಾದಿರಾಳೂ ಹೊರಗಿನವರು. ಒಬ್ಬಳು ಮೈಸೂರು ಮಾತಿನವಳು, ಇನ್ನೊಬ್ಬಳು ಕಡಲ ಬದಿಯವಳು. ಇವರ ಓಣಿಯ ಹೆಣ್ಣು ಕಾದಂಬರಿಗೆ ಬಂದದ್ದು ಗೀತಾ ನಾಗಭೂಷಣರಿಂದ. 1942ರಲ್ಲಿ ಕಲಬುರಗಿ ಬಳಿಯ ಸಾವಳಗಿಯಲ್ಲಿ ಬಡ ಕೂಲಿಕಾರರ ಮನೆಯಲ್ಲಿ ಹುಟ್ಟಿ, ಕಚೇರಿಯಲ್ಲಿ ಗುಮಾಸ್ತಿಕೆ ಮಾಡುತ್ತ ಓದಿ ಉಪನ್ಯಾಸಕಿಯಾದ ಅವರು 1968ರಲ್ಲಿ ‘ತಾವರೆಯ ಹೂವು’ ಬರೆದರು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳು ಬಂದವು. ‘ಹಸಿಮಾಂಸ ಮತ್ತು ಹದ್ದುಗಳು’ ‘ಹೆಣ್ಣಿನ ಕೂಗು’ ಎಂಬ ಸಿನಿಮಾ ಆಯಿತು. ಗೌಡರ ಹೊಲದಲ್ಲಿ ದುಡಿಯುವವರು, ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡವರು, ಉಳ್ಳವರ ಕಣ್ಣಿಗೆ ಬಿದ್ದವರು ಅವರ ಹೆಂಗಸರು. ಟೇಲರನ ‘ತಾರಾ’ದಲ್ಲಿ ದೂರದ ವಿಚಿತ್ರವಾಗಿ ಕಂಡಿದ್ದ ದೇವಿಗೆ ಬಿಡುವ ರೂಢಿ ಇಲ್ಲಿ ಪಕ್ಕದ ಮನೆಯ ಸಂಗತಿಯಾಗಿ ಬಂತು. ಅದನ್ನು ಅಪರಾಧವೆನ್ನುವ ಕಾಯ್ದೆಯನ್ನು ಕರ್ನಾಟಕ ಮಾಡಿದ್ದು 1982ರಲ್ಲಿ.

ಇಲ್ಲಿ ಓದುಗರು ಒಡೆದದ್ದು ಎರಡು ಗೆರೆಗಳ ಮೇಲೆ. ಮೊದಲನೆಯದು ಭಾಷೆ. ಗೀತಾ ಅವರ ಪಾತ್ರಗಳು ಕಲಬುರಗಿಯ ಆಡುಮಾತನ್ನೇ ಆಡುತ್ತವೆ, ಬೈಗುಳವನ್ನೂ ಸೋಸುವುದಿಲ್ಲ. ದಕ್ಷಿಣದ ಓದುಗರಿಗೆ ಇದು ತೊಡಕಾಯಿತು. ಈ ಕಡೆ ನಾಲ್ಕಕ್ಷರ ಕಲಿತು ಶಿಷ್ಟ ಕನ್ನಡಕ್ಕೆ ಏರಿದವರಿಗೆ ಮುಜುಗರವಾಯಿತು. ಅದೇ ಮಾತನ್ನು ಅಚ್ಚಿನಲ್ಲಿ ಮೊದಲ ಸಲ ಕಂಡು ‘ಇದು ನಮ್ಮವ್ವನ ಮಾತು ಅದ ನೋಡ್ರಿ’ ಎನ್ನುವ ಸಂತೋಷವೂ ಇಲ್ಲಿಯೇ ಇತ್ತು. ಎರಡನೆಯ ಗೆರೆ ಜಾತಿಯದು, ಅದು ಹೆಚ್ಚು ಆಳ. ಈ ಕಾದಂಬರಿಗಳಲ್ಲಿ ಹೊಣೆ ಯಾರದೆಂಬ ಪ್ರಶ್ನೆಗೆ ಉತ್ತರ ಹುಡುಕಬೇಕಿಲ್ಲ, ವಾಡೆಯ ಕಡೆ ನೇರವಾಗಿ ಬೆರಳು ತೋರಿಸಲಾಗಿದೆ. ಒಂದೇ ಗೋಳು, ಒಂದೇ ಬಗೆಯ ಕಥೆ, ಕಲೆಗಾರಿಕೆ ಸಾಲದು ಎಂಬ ಆಕ್ಷೇಪ ಮತ್ತೆ ಮತ್ತೆ ಕೇಳಿಬಂತು. ಅದರಲ್ಲಿ ಸ್ವಲ್ಪ ನಿಜವಿದೆ, ಅವರ ಎಲ್ಲ ಕಾದಂಬರಿಗಳೂ ಒಂದೇ ಮಟ್ಟದವಲ್ಲ. ಆದರೆ ಕಲೆಯ ಮಾತನ್ನು ಮೊದಲಿಗೆ ಎತ್ತಿದವರು ಯಾರ ಹೊಲದ ಕಡೆಯವರು ಎಂದು ಕೇಳಿದರೆ ಆ ಆಕ್ಷೇಪಕ್ಕೆ ಇನ್ನೊಂದು ಬೇರೂ ಕಾಣುತ್ತದೆ.

‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು, 2010ರಲ್ಲಿ ಗದಗಿನ 76ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಗೀತಾ ಅಧ್ಯಕ್ಷರಾದರು. ಅಂದಿನಿಂದ ಭಾಷೆಯ ಬಗೆಗಿನ ಅಸಮಾಧಾನ ಬಹುಮಟ್ಟಿಗೆ ಅಡಗಿದೆ. ಈ ಸೀಮೆಯ ಹೊಸ ಕಥೆಗಾರರು ಆಡುಮಾತಿನಲ್ಲಿ ಬರೆಯಲು ಈಗ ಅಪ್ಪಣೆ ಕೇಳಬೇಕಿಲ್ಲ. ಹೊಣೆಯ ಮೇಲಿನ ವಾದ ಮಾತ್ರ, 2020ರಲ್ಲಿ ಅವರು ತೀರಿಹೋದ ನಂತರವೂ, ಇದ್ದಲ್ಲೇ ಇದೆ.